ಆಫೀಸು ಖಾಲಿ ಮಾಡಿದ ದಿನಗಳು

2021 ಜೂನ್ 21, ಸೋಮವಾರ

ಕೊರೊನಾ ಲಾಕ್‌ಡೌನ್ ಸಡಿಲಿಸಿ ಇವತ್ತಿನಿಂದ ಬೆಂಗಳೂರಿನ ಬಸ್ಸು, ಮೆಟ್ರೋ ಮತ್ತೆ ಶುರುವಾದವು. ಏಪ್ರಿಲ್ ಕೊನೆಯ ವಾರ ಬೀಗ ಹಾಕಿದ್ದ ಆಫೀಸನ್ನು ಹೋಗಿ ತೆಗೆದೆ. ಬಸವೇಶ್ವರನಗರದ ನಮ್ಮ ಮನೆಯಿಂದ ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿಗೆ ನಡೆದೇ ಹೋದೆ. ಕೆಳಗಿನ ಲೇತ್ ಶೆಡ್ಡಿನಲ್ಲಿ ಮಿಷನ್ನು ತಿರುಗುತ್ತಿತ್ತು. ಆ ಸದ್ದು ಕೇಳಿದ್ದೇ ಜೀವ ಬಂದಂತಾಯಿತು.

ಮೇಲೆ ನಮ್ಮ ಮಹಡಿಯಲ್ಲಿ ಬಿಳಿ ಬೋರ್ಡಿನ ಮೇಲೆ ಮೇಷ್ಟ್ರ ಕೈಬರಹ ಹಾಗೇ ಇದೆ. ತಿಪಟೂರಿನ ಹಾರ್ಡ್‌ವೇರ್ ಅಂಗಡಿ, ಕಡೂರಿನ ಮೆಡಿಕಲ್ಸು, ಶಿರಾದ ಕಿರಾಣಿ: ಏಪ್ರಿಲ್ 20ರೊಳಗೆ ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿ. ಮೂಲೆಯಲ್ಲಿ ಟೀ ಅಕ್ಕ ಬರೆದ "ಹಾಲು 6". ಡ್ರಾಯರಿನಲ್ಲಿದ್ದ ಮಾರಿ ಬಿಸ್ಕತ್ತನ್ನು ಇಲಿ ತಿಂದು ಮುಗಿಸಿದೆ. ಗೋಡೆಯ ಪಂಚಿಂಗ್ ಮಿಷನ್ನಿಗೆ ಕರೆಂಟು ಕೊಟ್ಟೆ, ಕೆಂಪು ದೀಪ ಹತ್ತಿಕೊಂಡಿತು. ಹೋದ ವರ್ಷ ಮಾರ್ಚಿನಿಂದ ಅದನ್ನು ಒಬ್ಬರೂ ಮುಟ್ಟಿಲ್ಲ.

ಮಧ್ಯಾಹ್ನ ಎಂ.ಡಿ. ಫೋನ್ ಮಾಡಿದರು. "ಅಕ್ಟೋಬರ್ 31ಕ್ಕೆ ಬಾಡಿಗೆ ಕರಾರು ಮುಗಿಯುತ್ತಲ್ಲ, ಮುಂದುವರಿಸೋದು ಬೇಡ ಅಂತಿದೀನಿ. ಇನ್ನು ಮೇಲೆ ಎಲ್ಲರೂ ಮನೆಯಿಂದಲೇ. ಖಾಲಿ ಮಾಡೋದು, ಜನರ ನಡುವೆ ಮಾತುಕತೆ ನಡೆಯೋ ಹಾಗೆ ಏರ್ಪಾಡು ಮಾಡೋದು, ಎರಡೂ ನಿಮ್ಮದೇ ಜವಾಬ್ದಾರಿ." ಟ್ವಿಟರಿನವರು ಹೋದ ವರ್ಷ ಮೇ ತಿಂಗಳಲ್ಲೇ ಬೇಕಾದವರು ಶಾಶ್ವತವಾಗಿ ಮನೆಯಲ್ಲಿರಿ ಅಂದರಂತೆ. ಜಪಾನಿನ ಫುಜಿತ್ಸು ತನ್ನ ಆಫೀಸಿನ ಜಾಗವನ್ನು ಅರ್ಧಕ್ಕೆ ಇಳಿಸುವುದಾಗಿ ಜುಲೈಯಲ್ಲಿ ಹೇಳಿತಂತೆ. ಅವರವು ಸಾವಿರಾರು ಜನರ ಕಂಪನಿಗಳು. ನಮ್ಮದು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ 38 ಜನರ ಒಂದೇ ಮಹಡಿ. ಹತ್ತೊಂಬತ್ತು ವರ್ಷ ನಾನು ಈ ಮಹಡಿಯ ಬೀಗದ ಕೈ ಇಟ್ಟುಕೊಂಡಿದ್ದೇನೆ.

ಜೂನ್ 24, ಗುರುವಾರ

ಎರಡು ದಿನ ಕೂತು ಎಲ್ಲರಿಗೂ ಫೋನ್ ಮಾಡಿದೆ. ಕೇಳಿದ್ದು ಒಂದೇ ಮಾತು: ಎಲ್ಲಿ ಕೂತು ಕೆಲಸ ಮಾಡ್ತೀರಿ?

ವಿಜಯನಗರದ ಹುಡುಗಿ ಬಟ್ಟೆ ಒಗೆಯುವ ಜಾಗದಲ್ಲಿ ಸ್ಟೂಲು ಹಾಕಿಕೊಂಡಿದ್ದಾಳೆ. ಎರಡೇ ಕೋಣೆಯ ಮನೆ, ಒಂದರಲ್ಲಿ ಮಾವನವರ ಟಿ.ವಿ., ಇನ್ನೊಂದರಲ್ಲಿ ಮಗುವಿನ ಆನ್‌ಲೈನ್ ಕ್ಲಾಸು. ನಲ್ಲಿಯಲ್ಲಿ ನೀರು ಬಂದರೆ ಫೋನಿನ ಆ ಕಡೆಯವರಿಗೂ ಕೇಳುತ್ತದಂತೆ. ಮೂಡಲಪಾಳ್ಯದ ಮೇಷ್ಟ್ರು ಮಂಚದ ಮೇಲೆ ಕೂತು, ರಾಗಿ ಹಿಟ್ಟಿನ ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಟಿದ್ದಾರೆ. ಕಾಮಾಕ್ಷಿಪಾಳ್ಯದವನ ಪಕ್ಕದ ಗೋಡೆಗೆ ಪ್ರೆಸ್ಸಿಂಗ್ ಮಿಷನ್ನಿನ ಶೆಡ್ಡು, ಅದು ನಿಲ್ಲುವುದು ರಾತ್ರಿ ಎಂಟಕ್ಕೆ. ಕೆಂಗೇರಿ ಉಪನಗರದ ಹುಡುಗನಿಗೆ ಮಾತ್ರ ಮಹಡಿ ಮೇಲೆ ಸ್ವಂತ ಕೋಣೆ. "ಆರಾಮ ಇದೀನಿ ಮೇಡಂ" ಅಂದವನು ಅವನೊಬ್ಬನೇ. ಅಕೌಂಟ್ಸಿನವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಬಿಸಿ ಟೀನ ಕೂತ್ಕೊಂಡು ಕುಡೀತಿದ್ದದ್ದು ಆಫೀಸಲ್ಲಿ ಮಾತ್ರ ಮೇಡಂ."

ರಾತ್ರಿ ಅಮ್ಮನ ನೆನಪಾಯಿತು. ಶ್ರೀರಾಮಪುರದ ವಠಾರದಲ್ಲಿ ಅಮ್ಮ ಊದುಬತ್ತಿ ಹೊಸೆಯುತ್ತಿದ್ದಳು. ಕಡ್ಡಿ, ಹಿಟ್ಟು ಮೇಸ್ತ್ರಿಯದು. ಹಲಗೆ ನಮ್ಮದು, ದೀಪ ನಮ್ಮದು, ಬೆನ್ನು ನಮ್ಮದು. ಸಾವಿರ ಕಡ್ಡಿಗೆ ಇಷ್ಟು ಅಂತ ಲೆಕ್ಕ, ಮುರಿದದ್ದಕ್ಕೆ ಕಡಿತ. ಅವಳ ಅಂಗೈಯ ಕಪ್ಪು ಹಬ್ಬದ ಎಣ್ಣೆ ಸ್ನಾನಕ್ಕೂ ಬಿಡುತ್ತಿರಲಿಲ್ಲ. ಮನೆಯಿಂದ ಕೆಲಸ ಹೊಸ ಕಾಲದ್ದು ಅಂತ ಪೇಪರಿನಲ್ಲಿ ಬರೆಯುತ್ತಾರೆ. ನಮ್ಮ ಕಡೆಯ ಹೆಂಗಸರಿಗೆ ಅದು ಹಳೇ ಕಾಲದ್ದು. ಮನೆಯಲ್ಲಿ ಕೂತು ದುಡಿಯುವವರನ್ನೂ ಉಳಿದ ಕೂಲಿಕಾರರ ಸಮಕ್ಕೆ ನೋಡಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ ಒಪ್ಪಂದ ಮಾಡಿದೆ, ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಅಮ್ಮ ಹೊಸೆಯುವುದನ್ನು ಬಿಟ್ಟು ಎಷ್ಟೋ ವರ್ಷದ ಮೇಲೆ ಬಂದ ಒಪ್ಪಂದ.

ಜುಲೈ 2, ಶುಕ್ರವಾರ

ಎಂ.ಡಿ. ಮನೆಗೆ ಹೋಗಿ ಪಟ್ಟಿ ಮುಂದಿಟ್ಟೆ. ಪ್ರತಿಯೊಬ್ಬರಿಗೂ ಅವರವರ ಆಫೀಸಿನ ಕುರ್ಚಿಯೇ ಮನೆಗೆ ಹೋಗಬೇಕು. ಬೇಕಾದವರಿಗೆ ಮೇಜು. ಕರೆಂಟು ಹೋದಾಗ ಇಂಟರ್ನೆಟ್ ನಿಲ್ಲದಂತೆ ಮೋಡೆಮ್ಮಿಗೊಂದು ಸಣ್ಣ ಯುಪಿಎಸ್. ತಿಂಗಳಿಗೆ ಎರಡು ಸಾವಿರ ಭತ್ಯೆ. ಅವರು ಭತ್ಯೆಯ ಸಾಲಿನ ಹತ್ತಿರ ಬೆರಳಿಟ್ಟರು. "ಬಸ್ ಚಾರ್ಜು ಉಳಿಯುತ್ತಲ್ಲ ಅವರಿಗೆ?"

"ನಮಗೆ ಬಾಡಿಗೆ ಉಳಿಯುತ್ತೆ ಸರ್. ಆ ಬಾಡಿಗೇನ ಈಗ ಅವರ ಮನೆಗಳು ಕಟ್ತಿವೆ."

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕುರ್ಚಿ, ಮೇಜು, ಯುಪಿಎಸ್ ಎಲ್ಲಕ್ಕೂ ಒಪ್ಪಿದರು. ಭತ್ಯೆ 1,200ಕ್ಕೆ ನಿಂತಿತು. ಕಡಿಮೆಯಾಯಿತು ಅನ್ನುವುದು ನನ್ನ ಅಭಿಪ್ರಾಯ, ಅದನ್ನು ಅವರಿಗೂ ಹೇಳಿಯೇ ಬಂದೆ.

ಜುಲೈ 13, ಮಂಗಳವಾರ

ಇವತ್ತಿನಂಥ ದಿನ ಹತ್ತೊಂಬತ್ತು ವರ್ಷದಲ್ಲಿ ನೋಡಿರಲಿಲ್ಲ.

ಮೂರು ತಿಂಗಳಿಗೊಮ್ಮೆ ಮಾರಾಟದ ಲೆಕ್ಕವಾದ ಜಿಎಸ್‌ಟಿಆರ್-1 ಸಲ್ಲಿಸುವ ಸಣ್ಣ ಅಂಗಡಿಗಳಿಗೆ ಇವತ್ತೇ ಕೊನೆಯ ದಿನ. ಈ ಏಪ್ರಿಲ್ 1ರಿಂದ ಐದು ಕೋಟಿಯೊಳಗಿನ ವಹಿವಾಟಿನವರೂ ವ್ಯಾಪಾರಸ್ಥರಿಗೆ ಕೊಟ್ಟ ಬಿಲ್ಲಿನಲ್ಲಿ ಸರಕಿನ ಎಚ್‌ಎಸ್‌ಎನ್ ಸಂಖ್ಯೆಯ ನಾಲ್ಕು ಅಂಕಿ ತೋರಿಸಬೇಕು. ಆ ನಿಯಮದ ಮೊದಲ ತ್ರೈಮಾಸಿಕ ಇದು. ಬೆಳಿಗ್ಗೆ ಒಂಬತ್ತರಿಂದ ಫೋನೋ ಫೋನು: ಫೈಲು ಹೋಗ್ತಿಲ್ಲ, ತಪ್ಪು ಅಂತ ವಾಪಸ್ ಬರ್ತಿದೆ. ಒಂಬತ್ತು ಜನ ಸಪೋರ್ಟಿನವರು ಒಂಬತ್ತು ಮನೆಗಳಲ್ಲಿ ಒಂದೇ ಗಂಟನ್ನು ಬೇರೆ ಬೇರೆಯಾಗಿ ಬಿಚ್ಚುತ್ತಾ ಕೂತರು. ಗ್ರೂಪಿನಲ್ಲಿ ಬರುತ್ತಿದ್ದದ್ದು ಮಾತ್ರ "ಕೈಂಡ್ಲಿ ಚೆಕ್", "ನೋಟೆಡ್", "ವಿಲ್ ರಿವರ್ಟ್". ಸಂಜೆ ನಾಲ್ಕಕ್ಕೆ ಕಾಮಾಕ್ಷಿಪಾಳ್ಯದ ಹುಡುಗ ಗುಟ್ಟು ಹಿಡಿದ. ನಾವೇ ಹೋದ ವಾರ ಕಳಿಸಿದ ಹೊಸ ಅಪ್‌ಡೇಟಿನಲ್ಲಿ ದೋಷ. ಸಂಖ್ಯೆಯ ಮೊದಲು ಸೊನ್ನೆಯಿದ್ದರೆ ಅದು ಬಿದ್ದುಹೋಗುತ್ತಿತ್ತು. ಬೇಳೆಯ 0713 ಬರೀ 713 ಆಗಿ, ಕಾಫಿಯ 0901 ಬರೀ 901 ಆಗಿ ಹೋಗುತ್ತಿತ್ತು. ಹಾರ್ಡ್‌ವೇರ್ ಅಂಗಡಿಯವರಿಗೆ ತೊಂದರೆಯೇ ಇಲ್ಲ, ಮೊಳೆಯ ಸಂಖ್ಯೆ 7317. ಕಿರಾಣಿಯವರೆಲ್ಲ ಸಿಕ್ಕಿಬಿದ್ದಿದ್ದರು.

ಆಫೀಸಿನಲ್ಲಿದ್ದರೆ ಇದು ಅರ್ಧ ಗಂಟೆಯ ಮಾತು. "ಏಯ್, ಶಿರಾದವರಿಗೂ ಅದೇ ಬರ್ತಿದೆ ಕಣೋ", "ನಂದೂ ಕಿರಾಣಿನೇ", ಅಷ್ಟರಲ್ಲಿ ಮೇಷ್ಟ್ರು ಕುರ್ಚಿ ತಿರುಗಿಸಿ, "ಸೊನ್ನೆ ನೋಡ್ರೋ" ಅನ್ನುತ್ತಿದ್ದರು. ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಕೊನೆಯ ಅಂಗಡಿಯ ಫೈಲು ಹೋಯಿತು. ಏಳು ಅಂಗಡಿಗಳದು ಹೋಗಲೇ ಇಲ್ಲ. ಅವರು ಕಟ್ಟಬೇಕಾದ ದಂಡ ನಮ್ಮದು ಅಂತ ಎಂ.ಡಿ. ತಾವಾಗೇ ಹೇಳಿದರು.

ಜುಲೈ 16, ಶುಕ್ರವಾರ

ಅವತ್ತಿನ ಫೋನಿನ ಲೆಕ್ಕ ತೆಗೆದು ನೋಡುತ್ತಿದ್ದೆ. ಮೇಷ್ಟ್ರಿಗೆ ಬಂದ ಕರೆಗಳು ಹನ್ನೊಂದು ಗಂಟೆಯ ಮೇಲೆ ಎರಡು ಮೂರು ನಿಮಿಷದಲ್ಲಿ ಮುಗಿದಿವೆ. ಅಂದರೆ ಅವರಿಗೆ ಹನ್ನೊಂದಕ್ಕೇ ಗೊತ್ತಾಗಿತ್ತು. ಉಳಿದವರು ಇನ್ನೂ ಐದು ಗಂಟೆ ಒದ್ದಾಡಿದರು.

ಮೊದಲು ಕೋಪ ಬಂತು. ಫೋನ್ ಮಾಡಿದೆ.

"ಸೊನ್ನೆ ವಿಷಯ ಗ್ರೂಪಲ್ಲಿ ಯಾಕೆ ಹಾಕ್ಲಿಲ್ಲ ಮೇಷ್ಟ್ರೇ?"

ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿಸಿತು.

"ಮಾತಾಡು ಅಂದ್ರೆ ದಿನವೆಲ್ಲ ಮಾತಾಡ್ತೀನಿ ಮೇಡಂ. ಬರಿ ಅಂದ್ರೆ ಇಂಗ್ಲಿಷಲ್ಲಿ ಬರೀಬೇಕಲ್ಲ. ಎಂ.ಡಿ. ಇದಾರೆ, ಇಂಜಿನಿಯರ್ ಹುಡುಗರಿದಾರೆ. ಬಾಯಲ್ಲಿ ಆಡಿದ ತಪ್ಪು ಗಾಳಿಗೆ ಹೋಗುತ್ತೆ. ಬರೆದದ್ದು ಅಲ್ಲೇ ಉಳ್ಕೊಳ್ಳುತ್ತೆ, ನನ್ನ ಹೆಸರಿನ ಕೆಳಗೆ. ಬರೆದೆ ಮೇಡಂ, ನಾಲ್ಕು ಸಲ ಬರೆದು ಅಳಿಸಿದೆ. ಅಷ್ಟೊತ್ತಿಗೆ ಮುಂದಿನ ಫೋನ್ ಬಂತು."

ಆಫೀಸಿನಲ್ಲಿ ಎಲ್ಲರಿಗೂ ಕೆಲಸ ಕಲಿಸಿದ ಮನುಷ್ಯ. ಮೇಷ್ಟ್ರು ಅನ್ನುವ ಹೆಸರು ಬಂದದ್ದೇ ಹಾಗೆ. ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಆಮೇಲೆ ಗ್ರೂಪಿನ ಒಂದು ವರ್ಷದ ಬರಹವನ್ನೆಲ್ಲ ಮೇಲಕ್ಕೆಳೆದು ನೋಡಿದೆ. ಟೇಬಲ್ಲಿನ ಸುತ್ತ ಅತಿ ಹೆಚ್ಚು ಮಾತಾಡುತ್ತಿದ್ದವರೇ ಇಲ್ಲಿ ಅತಿ ಕಡಿಮೆ ಬರೆದವರು. ವಿಜಯನಗರದ ಹುಡುಗಿ ಹೆಬ್ಬೆರಳಿನ ಗುರುತು ಬಿಟ್ಟು ಬೇರೇನೂ ಹಾಕಿಲ್ಲ. ನಮ್ಮ ಆಫೀಸು ನಡೆಯುತ್ತಿದ್ದದ್ದು ಕನ್ನಡದಲ್ಲಿ. ಬಿಲ್ಲು, ಪತ್ರ, ಇ-ಮೇಲ್ ಇಂಗ್ಲಿಷಿನಲ್ಲಿದ್ದವು ನಿಜ, ಆದರೆ ಕೆಲಸ ಹೊತ್ತದ್ದು ಮಾತು ಮತ್ತು ಆ ಬಿಳಿ ಬೋರ್ಡು. ಗೋಡೆ ಬಿಟ್ಟು ಹೊರಬಂದ ದಿನ ಮಾತೆಲ್ಲ ಬರಹವಾಯಿತು, ಬರಹವಾದದ್ದೆಲ್ಲ ಯಾರೂ ಹೇಳದೆಯೇ ಇಂಗ್ಲಿಷಾಯಿತು. ಮಾತುಕತೆಗೆ ಏರ್ಪಾಡು ಮಾಡಿ ಅಂದರೆ ಯಾವ ಆ್ಯಪ್ ಕೊಳ್ಳಬೇಕು ಅಂತ ಒಂದು ತಿಂಗಳಿಂದ ನೋಡುತ್ತಿದ್ದೆ. ನೋಡಬೇಕಾದದ್ದು ಇದನ್ನು.

ಆಗಸ್ಟ್ 9, ಸೋಮವಾರ

ಎರಡು ವಾರದಿಂದ ಎಲ್ಲರ ಲ್ಯಾಪ್‌ಟಾಪಿಗೂ ಕನ್ನಡ ಹಾಕಿಸುವ ಕೆಲಸ. 2019ರ ಮೇ ತಿಂಗಳ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲೇ ಉಚ್ಚಾರದಂತೆ ಟೈಪು ಮಾಡುವ ಕನ್ನಡ ಕೀಲಿಮಣೆ ಇದೆ, ಸೆಟ್ಟಿಂಗಿನಲ್ಲಿ ಆರಿಸಿಕೊಂಡರೆ ಆಯಿತು. ನುಡಿ ತಂತ್ರಾಂಶ ಗೊತ್ತಿದ್ದವರು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನೇ ಕೇಳಿದರು, ಅವರಿಗೆ ಅದನ್ನೇ ಕೊಟ್ಟೆ. ಫೋನಿನಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಮೇಷ್ಟ್ರಿಗೆ ಅದನ್ನು ಅವರ ಎಂಟನೇ ಕ್ಲಾಸಿನ ಮಗಳು ತೋರಿಸಿಕೊಟ್ಟಳು.

ಅವರು 2011ರಲ್ಲಿ ನುಡಿಯಲ್ಲಿ ಟೈಪು ಮಾಡಿಟ್ಟ ನಲವತ್ತು ಪುಟದ ಫೈಲು ಒಂದಿದೆ ಅಂತ ಗೊತ್ತಾಗಿ ಕಳಿಸಿಕೊಂಡೆ. ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆಗಳ ಗೊಂದಲ. ಹಳೆಯ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶಕ್ಕೆ ಹಾಕಿದೆ. ಮುಕ್ಕಾಲು ಪಾಲು ಸರಿಬಂತು, ಅರ್ಕಾವತ್ತುಗಳು, ಕೆಲವು ಒತ್ತಕ್ಷರಗಳು ಕೆಟ್ಟಿದ್ದವು. ಮೂರು ರಾತ್ರಿ ಕೂತು ಒಂದೊಂದನ್ನೇ ತಿದ್ದಿದೆ.

ತೆರಿಗೆಯ ಭಾಗ ಎಲ್ಲ ವ್ಯಾಟ್ ಕಾಲದ್ದು, ಈಗ ಬೇಡ. ಆದರೆ ಮೊದಲ ಪುಟದಲ್ಲೇ ಇತ್ತು: "ಫೋನ್ ಎತ್ತಿದ ಕೂಡಲೇ ಅಂಗಡಿಯಲ್ಲಿ ಗಿರಾಕಿ ಇದಾರಾ ಕೇಳಿ. ಇದ್ದರೆ ಇಟ್ಟುಬಿಡಿ, ಹತ್ತು ನಿಮಿಷ ಬಿಟ್ಟು ನೀವೇ ಮಾಡಿ." "ಸಂತೆ ದಿನ ಫೋನ್ ಮಾಡಬೇಡಿ. ಯಾವ ಊರಿಗೆ ಯಾವತ್ತು ಸಂತೆ, ಕೊನೆಯ ಪುಟದಲ್ಲಿದೆ." ಕೊನೆಯ ಪುಟದಲ್ಲಿ ನಿಜವಾಗಿಯೂ ಊರುಗಳ ಪಟ್ಟಿ ಇತ್ತು. ಊರೂರು ಸುತ್ತಿ ಕಲಿತದ್ದನ್ನು ಒಬ್ಬ ಮನುಷ್ಯ ಹತ್ತು ವರ್ಷದ ಹಿಂದೆಯೇ ಕನ್ನಡದಲ್ಲಿ ಬರೆದಿಟ್ಟಿದ್ದ, ನಾವು ಯಾರೂ ಕೇಳಿರಲಿಲ್ಲ. ನಮ್ಮ ಕೈಪಿಡಿ ಇದರಿಂದಲೇ ಶುರುವಾಗಬೇಕು.

ಕನ್ನಡ ಓದಲು ಬಾರದವರು ಆರು ಜನ ಇದ್ದಾರೆ. ಒಡಿಶಾದ ಇಂಜಿನಿಯರ್ ಹುಡುಗ ಕೇಳಿದ, ನನಗೆ ಹೇಗೆ ತಿಳಿಯಬೇಕು ಅಂತ. ನ್ಯಾಯವಾದ ಪ್ರಶ್ನೆ. ಇಂಜಿನಿಯರುಗಳ ಗ್ರೂಪು ಇಂಗ್ಲಿಷಿನಲ್ಲೇ ಇರಲಿ, ಸಪೋರ್ಟಿನ ಗ್ರೂಪಿನಲ್ಲಿ ಯಾರಿಗೆ ಯಾವುದು ಸುಲಭವೋ ಅದರಲ್ಲಿ ಬರೆಯಲಿ, ದೋಷ ಸಿಕ್ಕಿದಾಗ ಕೆಂಗೇರಿ ಹುಡುಗ ಎರಡೂ ಕಡೆ ದಾಟಿಸಲಿ ಅಂತ ತೀರ್ಮಾನ ಮಾಡಿದೆವು. ಎಂ.ಡಿ.ಗೆ ಒಂದೇ ಬೇಡಿಕೆ ಇಟ್ಟೆ: ಯಾರದೇ ಬರಹದ ತಪ್ಪನ್ನು ಗ್ರೂಪಿನಲ್ಲಿ ತಿದ್ದಬಾರದು.

ಆಗಸ್ಟ್ 11, ಬುಧವಾರ

ಮೇಷ್ಟ್ರ ಮೊದಲ ಸಾಲು ಬಂತು, ಬೆಳಿಗ್ಗೆ 10.20ಕ್ಕೆ: "ಹೊಸದುರ್ಗದ ಅಂಗಡಿಯವರ ಪ್ರಿಂಟರ್ ಅಲ್ಲ ತೊಂದರೆ, ಪೇಪರ್ ಅಗಲ ಬದಲಾಗಿದೆ, ಎಲ್ಲರೂ ಮೊದಲು ಅದನ್ನು ಕೇಳಿ." ಐದು ನಿಮಿಷದಲ್ಲಿ ವಿಜಯನಗರದ ಹುಡುಗಿ ಬರೆದಳು: "ನಮ್ಮ ಹಿರಿಯೂರಿನವರದೂ ಅದೇ ಸರ್." ಒಂದು ವರ್ಷ ಐದು ತಿಂಗಳಲ್ಲಿ ಅವಳು ಬರೆದ ಮೊದಲ ವಾಕ್ಯ.

ಆಗಸ್ಟ್ 30, ಸೋಮವಾರ

ಕುರ್ಚಿ ಸಾಗಿಸುವ ಕೆಲಸ ಇವತ್ತಿಗೆ ಮುಗಿಯಿತು. ಟಾಟಾ ಏಸಿನಲ್ಲಿ ಒಂದು ಸಲಕ್ಕೆ ಎಂಟು ಕುರ್ಚಿ. ಯಾವ ಕುರ್ಚಿ ಯಾರದು ಅಂತ ಟೀ ಅಕ್ಕನಿಗೆ ಗೊತ್ತು. ಕೈ ತಾಗಿ ಸವೆದ ಜಾಗ ನೋಡಿಯೇ ಹೇಳುತ್ತಾಳೆ. ವಿಜಯನಗರದ ಮನೆಯ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಕುರ್ಚಿಯ ಕಾಲು ಬಿಚ್ಚಿ ಒಯ್ಯಬೇಕಾಯಿತು. ಬಟ್ಟೆ ಒಗೆಯುವ ಜಾಗದಲ್ಲಿ ಅದು ಹಿಡಿಸಲಿಲ್ಲ. ಅವಳ ಮಾವ ಎದ್ದು, ಟಿ.ವಿ. ಸ್ಟ್ಯಾಂಡನ್ನು ಗೋಡೆಗೆ ಸರಿಸಿ, "ಇಲ್ಲಿಡಿ, ಬೆಳಿಗ್ಗೆ ನಾನು ದೇವಸ್ಥಾನದ ಕಡೆ ಹೋಗ್ತೀನಿ" ಅಂದರು. ಕುರ್ಚಿ ಬಂದ ಮೇಲೆಯೇ ಅವಳು ಮಾಡುತ್ತಿರುವುದು ಕೆಲಸ ಅಂತ ಆ ಮನೆಗೆ ಕಂಡಿತೇನೋ.

ಕೊನೆಯ ಕುರ್ಚಿ ಕೆಂಗೇರಿಗೆ. ನಿನ್ನೆ ಮೈಸೂರು ರಸ್ತೆಯಿಂದ ಕೆಂಗೇರಿಗೆ ಮೆಟ್ರೋ ಉದ್ಘಾಟನೆಯಾಯಿತು, ಇವತ್ತಿನಿಂದ ಜನರಿಗೆ. ವಾಪಸ್ಸು ಅದರಲ್ಲೇ ಬಂದೆ: ಪಟ್ಟಣಗೆರೆ, ಜ್ಞಾನಭಾರತಿ, ರಾಜರಾಜೇಶ್ವರಿ ನಗರ, ನಾಯಂಡಹಳ್ಳಿ. ಕೆಳಗೆ ವೃಷಭಾವತಿ ನೊರೆ ಹೊತ್ತು ಹರಿಯುತ್ತಿತ್ತು. ಹುಡುಗ ಸ್ಟೇಷನ್ ತನಕ ಬಿಡಲು ಬಂದಿದ್ದ. ಆರು ವರ್ಷ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದವನು. "ಮೆಜೆಸ್ಟಿಕ್ಕಲ್ಲಿ ಹಸಿರು ಲೈನಿಗೆ ಬದಲಾಯಿಸಿದ್ರೆ ನೇರ ರಾಜಾಜಿನಗರ ಮೇಡಂ" ಅಂದ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಅವತ್ತು ಆರಾಮ ಇದೀನಿ ಅಂದವನು ಇವತ್ತು ಕೇಳಿದ, "ವಾರಕ್ಕೊಂದು ದಿನ ಆದ್ರೂ ಎಲ್ಲರೂ ಸೇರೋ ಜಾಗ ಇರಲ್ವಾ?"

ಸೆಪ್ಟೆಂಬರ್ 17, ಶುಕ್ರವಾರ

ಆಡಿಟರ್ ಬಂದಿದ್ದರು. ಫೋನಿನ ಮೇಲೆ ಸೇವೆ ಕೊಡುವವರು ಮನೆಯಿಂದ ಕೆಲಸ ಮಾಡಿಸಬೇಕಾದರೆ ಮೊದಲು ದೂರಸಂಪರ್ಕ ಇಲಾಖೆಯ ಷರತ್ತುಗಳು ಬಿಗಿಯಾಗಿದ್ದವು; 2020ರ ನವೆಂಬರ್ 5ರಂದು ನೋಂದಣಿಯನ್ನೇ ತೆಗೆದರು, ಆ ಚಿಂತೆ ಇಲ್ಲ ಅಂದರು. ಆದರೆ ಆಫೀಸೇ ಇಲ್ಲದೆ ಕಂಪನಿ ಇರುವಂತಿಲ್ಲ. 2013ರ ಕಂಪನಿ ಕಾಯ್ದೆಯ 12ನೇ ಕಲಮಿನ ಪ್ರಕಾರ, ಪತ್ರ ನೋಟಿಸುಗಳನ್ನು ಪಡೆದುಕೊಳ್ಳುವ ನೋಂದಾಯಿತ ಕಚೇರಿ ಇರಲೇಬೇಕು. ಹೊರಗೆ ಬೋರ್ಡು ಇರಬೇಕು, ಆ ಬೋರ್ಡಿನಲ್ಲಿ ಸ್ಥಳೀಯ ಭಾಷೆಯ ಅಕ್ಷರಗಳೂ ಇರಬೇಕು. ಮನೆಗೆ ಬಂದು ಕಾಯ್ದೆಯ ಆ ಸಾಲನ್ನು ಎರಡು ಸಲ ಓದಿದೆ. ಬಾಗಿಲ ಹೊರಗೆ ಕನ್ನಡ ಇರಲಿ ಅಂತ ಕಾನೂನು ಕೇಳುತ್ತದೆ. ಬಾಗಿಲ ಒಳಗಿನದನ್ನು ನಾವೇ ನೋಡಿಕೊಳ್ಳಬೇಕು.

ಇದೇ ನೆಪದಲ್ಲಿ ಬಸವೇಶ್ವರನಗರದಲ್ಲಿ ಎರಡು ಕೋಣೆ ಗೊತ್ತು ಮಾಡಿದೆ. ಹತ್ತು ತಿಂಗಳ ಅಡ್ವಾನ್ಸು ಕೇಳಿದರು, ಆರಕ್ಕೆ ಒಪ್ಪಿಸಿದೆ. ಹನ್ನೆರಡು ಜನ ಕೂರಬಹುದು. ಎರಡು ವಾರಕ್ಕೊಂದು ಶುಕ್ರವಾರ ಬೇಕಾದವರು ಬರಲಿ.

ಅಕ್ಕನ ವಿಷಯ ಇತ್ಯರ್ಥವಾಗಿಲ್ಲ. ಹದಿನಾಲ್ಕು ವರ್ಷ ಟೀ ಕೊಟ್ಟವಳು, ನೆಲ ಒರೆಸಿದವಳು. ಲ್ಯಾಪ್‌ಟಾಪ್ ಕೊಟ್ಟು ಮನೆಯಿಂದ ಮಾಡು ಅನ್ನುವ ಕೆಲಸವಲ್ಲ ಅವಳದು. ಏಜೆನ್ಸಿಯಿಂದ ಬಂದಿದ್ದ ಸೆಕ್ಯೂರಿಟಿಯವರನ್ನು ಆಗಲೇ ಬೇರೆ ಕಡೆ ಹಾಕಿದ್ದಾರೆ, ಹೇಳಿಹೋಗಲೂ ಅವರಿಗೆ ಆಗಲಿಲ್ಲ. ಅಕ್ಕನ ಗಂಡನಿಗೆ ಕಿಡ್ನಿ ತೊಂದರೆ, ಚಿಕಿತ್ಸೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ. ಸಂಬಳದ ಪಟ್ಟಿಯಲ್ಲಿ ಅವಳ ಹೆಸರಿದ್ದರೆ ಆ ಕಾರ್ಡು ಜೀವಂತ. ನಮ್ಮ ಪಾಲು ಸಂಬಳದ ಶೇಕಡಾ 3.25, ಅವಳದು 0.75. ಇಷ್ಟು ಸಣ್ಣ ಅಂಕಿಯ ಮೇಲೆ ಒಂದು ಮನೆ ನಿಂತಿದೆ ಅಂತ ಎಂ.ಡಿ.ಗೆ ಬರೆದು ಕಳಿಸಿದೆ. ಕನ್ನಡದಲ್ಲಿ.

ಸೆಪ್ಟೆಂಬರ್ 22, ಬುಧವಾರ

ಅಕ್ಕ ಹೊಸ ಜಾಗಕ್ಕೆ ಬರುತ್ತಾಳೆ. ಅರ್ಧ ದಿನ, ಮೂರರಲ್ಲಿ ಎರಡು ಪಾಲು ಸಂಬಳ, ಇಎಸ್‌ಐ ಮುಂದುವರಿಯುತ್ತದೆ. ಪೂರ್ತಿ ಸಂಬಳ ಕೊಡಿಸಲಾಗಲಿಲ್ಲ. ಬೆಳಿಗ್ಗೆ ಒಂದು ಮನೆಗೆಲಸ ಹಿಡಿದಿದ್ದಾಳೆ. "ಕಾರ್ಡು ಉಳೀತಲ್ಲ ಮೇಡಂ, ಬಿಡಿ" ಅಂದಳು. ಬಿಡಲು ಮನಸ್ಸು ಒಪ್ಪುತ್ತಿಲ್ಲ.

ಅಕ್ಟೋಬರ್ 14, ಗುರುವಾರ, ಆಯುಧಪೂಜೆ

ಈ ಮಹಡಿಯಲ್ಲಿ ಕೊನೆಯ ಪೂಜೆ. ಪ್ರತಿ ವರ್ಷ ಶಟರಿಗೆ ಬಾಳೆಕಂದು, ಸಿಸ್ಟಂಗಳಿಗೆಲ್ಲ ವಿಭೂತಿ ಕುಂಕುಮ, ಗೇಟಿನಲ್ಲಿ ಬೂದುಗುಂಬಳ ಒಡೆದು, ಎಲ್ಲರ ಕೈಗೂ ಪುರಿ, ಕಡಲೆ, ಬೆಲ್ಲ, ಸ್ವೀಟ್ ಬಾಕ್ಸು. ಈ ವರ್ಷ ಪೂಜೆ ಮಾಡಲು ಇಲ್ಲಿ ಆಯುಧವೇ ಇಲ್ಲ, ಎಲ್ಲ ಮೂವತ್ತೆಂಟು ಮನೆಗಳಿಗೆ ಹಂಚಿಹೋಗಿವೆ. ಬಂದವರು ಒಂಬತ್ತು ಜನ.

ಅಕ್ಕ ಎಲ್ಲರಿಗಿಂತ ಮೊದಲೇ ಬಂದು ನೆಲ ತೊಳೆದಿದ್ದಳು. ನಾನು ಯುಪಿಎಸ್ ಪೆಟ್ಟಿಗೆಗೆ, ಬೀಗದ ಕೈಗೊಂಚಲಿಗೆ ಕುಂಕುಮ ಇಟ್ಟೆ. ಅವಳು ಸ್ಟೂಲು ಎಳೆದು ಪಂಚಿಂಗ್ ಮಿಷನ್ನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಬೆರಳಿಡುವ ಗಾಜಿನ ಮೇಲಿನ ಧೂಳನ್ನು ಸೆರಗಿನ ತುದಿಯಿಂದ ಮೆಲ್ಲಗೆ ತೆಗೆದಳು. ಅದರ ನೆತ್ತಿಗೆ ಒಂದು ಸೇವಂತಿಗೆ ಸಿಕ್ಕಿಸಿದಳು. ಅದು ಇನ್ನು ಕೆಲಸಕ್ಕೆ ಬರುವುದಿಲ್ಲ ಅಂತ ಯಾರೋ ಅಂದರು. "ಎಲ್ಲರ ಬೆರಳೂ ಮುಟ್ಟಿದ್ದು ಇದನ್ನೇ ಅಲ್ವಾ" ಅಂದಳು.

ಅಷ್ಟರಲ್ಲಿ ಗ್ರೂಪಿನಲ್ಲಿ ಫೋಟೋಗಳು ಬರತೊಡಗಿದವು. ಯಾರೂ ಹೇಳಿರಲಿಲ್ಲ. ಮೂಡಲಪಾಳ್ಯದಲ್ಲಿ ಲ್ಯಾಪ್‌ಟಾಪಿನ ಪಕ್ಕ ರಾಗಿ ಡಬ್ಬಕ್ಕೂ ಕುಂಕುಮ. ಇನ್ನೊಬ್ಬರ ಮನೆಯಲ್ಲಿ ಹೆಂಡತಿಯ ಹೊಲಿಗೆ ಮಿಷನ್ನು, ಮತ್ತೊಬ್ಬರ ಮನೆಯಲ್ಲಿ ಅಪ್ಪನ ಆಟೋ. ಕಾಮಾಕ್ಷಿಪಾಳ್ಯದವನ ಲ್ಯಾಪ್‌ಟಾಪು ಗೋಡೆಯಾಚೆಯ ಪ್ರೆಸ್ಸಿಂಗ್ ಮಿಷನ್ನಿನ ಕಾಲ ಬುಡದಲ್ಲೇ ಇತ್ತು. ಶೆಡ್ಡಿನವರು ಕರೆದು ಜೊತೆಗೇ ಪೂಜೆ ಮಾಡಿಸಿದರಂತೆ. ಹತ್ತೊಂಬತ್ತು ವರ್ಷ ಇವರ ಜೊತೆ ಕೆಲಸ ಮಾಡಿದೆ. ಇವರ ಮನೆಯವರು ಏನು ಹಿಡಿದು ದುಡಿಯುತ್ತಾರೆ ಅಂತ ಇವತ್ತು ಗೊತ್ತಾಯಿತು.

ಬಿಳಿ ಬೋರ್ಡನ್ನು ಹೊಸ ಜಾಗಕ್ಕೆ ಸಾಗಿಸಲು ಇಳಿಸಿದೆವು. ಏಪ್ರಿಲ್ ಪಟ್ಟಿಯನ್ನು ಮೇಷ್ಟ್ರೇ ಒರೆಸಿದರು.

ಅಕ್ಟೋಬರ್ 29, ಶುಕ್ರವಾರ

ಪುನೀತ್ ರಾಜ್‌ಕುಮಾರ್, ನಮ್ಮ ಅಪ್ಪು, ಹೋಗಿಬಿಟ್ಟರು. ನಲವತ್ತಾರು ವರ್ಷ. ಬೆಳಿಗ್ಗೆ ಇದ್ದವರು ಮಧ್ಯಾಹ್ನಕ್ಕಿಲ್ಲ.

ಏನೂ ಬರೆಯಲು ಆಗುತ್ತಿಲ್ಲ. ಬೀದಿಯಲ್ಲಿ ಅಂಗಡಿಗಳ ಶಟರು ಒಂದೊಂದಾಗಿ ಬಿದ್ದವು.

ಅಕ್ಟೋಬರ್ 31, ಭಾನುವಾರ

ಬೆಳಗಿನ ಜಾವ ಕಂಠೀರವ ಸ್ಟುಡಿಯೋದಲ್ಲಿ ಅಪ್ಪನ ಪಕ್ಕವೇ ಮಣ್ಣು ಮಾಡಿದರು. ನಮ್ಮ ಕಡೆಯ ರಸ್ತೆಗಳಲ್ಲೆಲ್ಲ ಪೊಲೀಸರು, ಜನ. ಇವತ್ತೇ ಆಫೀಸಿನ ಬೀಗದ ಕೈ ಕೊಡಬೇಕಿತ್ತು. ಕಟ್ಟಡದ ಮಾಲೀಕರೇ ಫೋನ್ ಮಾಡಿ, ಮಂಗಳವಾರ ಕೊಡಿ, ಇವತ್ತು ಯಾರಿಗೆ ಬೇಕು ಅಂದರು.

ಶುಕ್ರವಾರ ಮಧ್ಯಾಹ್ನದಿಂದ ಗ್ರೂಪು ಪೂರ್ತಿ ಕನ್ನಡದಲ್ಲಿದೆ. ಎಂ.ಡಿ. ಮೊದಲ ಸಲ ಕನ್ನಡದಲ್ಲಿ ಬರೆದರು. ಒಡಿಶಾದ ಹುಡುಗ ಎಲ್ಲಿಂದಲೋ ನೋಡಿ ಅಕ್ಷರ ಕೂಡಿಸಿ "ಅಪ್ಪು ಸರ್" ಅಂತ ಎರಡೇ ಪದ ಹಾಕಿದ್ದ. ಇದನ್ನು ನನ್ನ ಏರ್ಪಾಡಿನ ಲೆಕ್ಕಕ್ಕೆ ಬರೆದುಕೊಳ್ಳಲು ಮನಸ್ಸಿಲ್ಲ. ದುಃಖದಲ್ಲಿ ಜನ ತಮ್ಮ ಮನೆಮಾತಿಗೆ ಹೋದರು, ಅಷ್ಟೆ. ಅಪ್ಪು ಕಣ್ಣು ದಾನ ಮಾಡಿದ್ದಾರೆ, ರಾಜಾಜಿನಗರದ ನಾರಾಯಣ ನೇತ್ರಾಲಯದವರು ತೆಗೆದುಕೊಂಡರು. ಮೇಷ್ಟ್ರು ಬರೆದರು: "ನಾನೂ ಹೆಸರು ಬರೆಸುತ್ತೇನೆ. ಯಾರು ಬರುತ್ತೀರಿ?" ಕೆಳಗೆ ಹದಿನೇಳು ಹೆಸರುಗಳು.

ನವೆಂಬರ್ 8, ಸೋಮವಾರ

ಮಂಗಳವಾರ ಬೀಗದ ಕೈ ಕೊಟ್ಟೆ. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿದು ಉಳಿದ ಅಡ್ವಾನ್ಸು ವಾಪಸ್ಸು ಬಂತು. ಕೆಳಗಿನ ಲೇತ್ ಶೆಡ್ಡಿನವರು ಮಿಷನ್ನು ನಿಲ್ಲಿಸಿ ಹೊರಗೆ ಬಂದು ನಿಂತರು.

ದೀಪಾವಳಿ ಕಳೆದು ಇವತ್ತು ಹೊಸ ಜಾಗ ತೆರೆದೆವು. ಬೋರ್ಡಿನವನು ಕನ್ನಡದ ಅಕ್ಷರಗಳನ್ನು ಇಂಗ್ಲಿಷಿಗಿಂತ ಸಣ್ಣದಾಗಿ ಬರೆದು ತಂದಿದ್ದ. ತಿದ್ದಿಕೊಂಡು ಬಾ ಅಂತ ವಾಪಸ್ಸು ಕಳಿಸಿದೆ. ಹನ್ನೊಂದು ಗಂಟೆಗೆ ಪೋಸ್ಟ್‌ಮ್ಯಾನ್ ಬಂದರು. ಹಳೆ ವಿಳಾಸದಿಂದ ತಿರುಗಿ ಬಂದ ಒಂದೇ ಲಕೋಟೆ, ಮೇಷ್ಟ್ರ ಎಲ್‌ಐಸಿ ನೋಟಿಸು. ಮನೆಯಲ್ಲಿ ಕಳೆದುಹೋಗುತ್ತದೆ ಅಂತ ಅವರು ಮೊದಲಿನಿಂದಲೂ ಆಫೀಸಿನ ವಿಳಾಸವನ್ನೇ ಕೊಟ್ಟಿದ್ದಾರೆ. ಗ್ರೂಪಿನಲ್ಲಿ ಹಾಕಿದೆ. ಉತ್ತರ ಬಂತು: "ಅಲ್ಲೇ ಇರಲಿ ಮೇಡಂ. ಶುಕ್ರವಾರ ಬರ್ತೀನಿ, ಕೆಂಗೇರಿಯವನೂ ಬರ್ತಾನಂತೆ ಮೆಟ್ರೋದಲ್ಲಿ."

ಅಕ್ಕ ಬಿಳಿ ಬೋರ್ಡಿನ ಮುಂದೆ ಪೆನ್ನು ಹಿಡಿದು ನಿಂತಿದ್ದಳು.

"ಶುಕ್ರವಾರಕ್ಕೆ ಹಾಲು ಎಷ್ಟು ಬರೀಲಿ ಮೇಡಂ?"